ಗುರುವಾರಕ್ಕೆ ಮುಗಿಯುವ ವಾರ

ಬಿಟರ್ ಕ್ರೀಕ್ ಊರಿನ ಶಾಲೆಗೆ
ಶುಕ್ರವಾರ ಇಲ್ಲ.
ರಜೆಯಲ್ಲ, ಕೇಳಿ, ಇಲ್ಲವೇ ಇಲ್ಲ.
ಮೂರು ವರ್ಷದ ಹಿಂದೆ ಮಂಡಳಿಯವರು
ಒಂದು ರಾತ್ರಿ ಕೂತು, ಕಾಫಿ ಕುಡಿದು,
ಐವರಲ್ಲಿ ನಾಲ್ವರು ಕೈಯೆತ್ತಿ
ಅದನ್ನು ಕ್ಯಾಲೆಂಡರಿನಿಂದ ಕಿತ್ತರು.
ನಡಾವಳಿ ಬರೆದವಳು ನಾನೇ.
ಇಲ್ಲಿಯ ಲೆಕ್ಕದವಳು,
ಬಾಗಲಕೋಟೆಯ ವಿಶಾಲಾಕ್ಷಿ,
ಇವರ ಬಾಯಲ್ಲಿ ಮಿಸ್ ವಿಶ್.

ಬಸ್ಸಿನ ಡೀಸೆಲ್ಲು ಉಳಿಯಿತು, ಬರೆದೆ.
ಅಡುಗೆಮನೆಯ ಗ್ಯಾಸು ಉಳಿಯಿತು, ಬರೆದೆ.
ಉಳಿದದ್ದೆಲ್ಲ ಕೂಡಿಸಿದರೂ
ಆಟದ ಹಾಲಿನ ಸೂರಿಗೆ ಸಾಲದು.
ಅಲ್ಲಿ ಬ್ಯಾಸ್ಕೆಟ್‌ಬಾಲ್ ಗೆರೆಯ ಮೇಲೆ
ಹಳದಿ ಬಕೆಟ್ಟೊಂದು
ಕಾಯಂ ಆಟಗಾರನ ಹಾಗೆ ನಿಂತಿದೆ.

ಅಜ್ಜಿ ಹೇಳುತ್ತಿದ್ದಳು, ಶುಕ್ರವಾರ ಲಕ್ಷ್ಮಿಯ ದಿನ,
ಕೈಯಿಂದ ದುಡ್ಡು ಹೊರಗೆ ಹೋಗಬಾರದು.
ಓಕ್ಲಹೋಮಾ ರಾಜ್ಯಕ್ಕೆ ಇದನ್ನು ಯಾರು ಕಲಿಸಿದರೋ!
ಊರ ಹೊರಗೆ ಗೋಧಿ ಹೊಲದಲ್ಲಿ
ತೈಲದ ಪಂಪುಗಳು ಹಗಲೂ ರಾತ್ರಿ
ಹೂಂ ಹೂಂ ಎಂದು ತಲೆಯಾಡಿಸುತ್ತವೆ.
ಅದರ ಸುಂಕದ ಮಾತು ಬಂದರೆ ಮಾತ್ರ
ಶಾಸನಸಭೆಯಲ್ಲಿ ಎಲ್ಲ ತಲೆ ಅಡ್ಡಡ್ಡ.

ಜೆರಿಲಿನ್ ಹಾಕೆಟ್, ನಾಲ್ಕನೇ ತರಗತಿ,
ಹತ್ತೊಂಬತ್ತು ವರ್ಷದ ಸರ್ವೀಸು.
ಅವಳ ಗೋಡೆಯ ಭೂಪಟದಲ್ಲಿ
ಯುಗೋಸ್ಲಾವಿಯಾ ಇನ್ನೂ ಒಡೆದಿಲ್ಲ.
ಕಾಗದ, ತಿಂಗಳಿಗೆ ಎರಡು ಕಟ್ಟು.
ಆಮೇಲೆ ಅವಳ ಪರ್ಸು.
ಪೆನ್ಸಿಲ್ಲು, ಗೋಂದು, ಮೂಗೊರೆಸುವ ಟಿಶ್ಯೂ,
ಎಲ್ಲದರ ರಸೀತಿ ನನ್ನ ಮೇಜಿನ ಮೇಲಿಟ್ಟು ನಗುತ್ತಾಳೆ:
"ಸುಮ್ನ, ನೀ ನೋಡ್ಲಿ ಅಂತ."
(ಇವರ ಎಳೆದೆಳೆದ ಮಾತು ನನ್ನ ಕಿವಿಗೆ
ನಮ್ಮೂರ ಮಾತಾಗಿಯೇ ಬೀಳುತ್ತದೆ.)
ಬರೆಯಲು ನನ್ನಲ್ಲಿ ಕಾಲಮ್ಮಿಲ್ಲ.
ಒಂದು ಶೂ ಡಬ್ಬಿ ಇದೆ,
ಅದರಲ್ಲಿ ಹಾಕಿಡುತ್ತೇನೆ.

ಶುಕ್ರವಾರ ಅವಳು ಟೈರ್ ಅಂಗಡಿಯಲ್ಲಿ,
ಗಲ್ಲಾದ ಹಿಂದೆ, ಎದೆಗೆ ಹೆಸರಿನ ಪಟ್ಟಿ.
ಅಲ್ಲಿ ಮಿಸೆಸ್ ಹಾಕೆಟ್, ಇಲ್ಲಿ ಬರೀ ಜೆರಿ.
ನಾನು ಪಂಕ್ಚರ್ ಹಾಕಿಸಲು ಹೋದ ದಿನ
ಅಪ್ಪನ ಪಿಕಪ್ಪಿನಲ್ಲಿ ಬಂದಿಳಿದ
ಎಮೆಟ್ ಸ್ಟಿಲ್ವೆಲ್, ಒಂಬತ್ತು ವರ್ಷ.
ಟೀಚರನ್ನು ಕಂಡು ಮೊದಲು ಟೈರಿನ ರಾಶಿಯ ಹಿಂದೆ ಸರಿದ.
ಆಮೇಲೆ ಜೇಬಿನಿಂದ ಮಡಚಿದ ಹಾಳೆ ತೆಗೆದ.
ಭಿನ್ನರಾಶಿ. ತಲೆಗೆ ಹತ್ತಿರಲಿಲ್ಲ.

ಅವಳು ಪೆನ್ನು ಹುಡುಕಲಿಲ್ಲ.
ಷೆಡ್ಡಿನೊಳಗೆ ಕರೆದೊಯ್ದು
ಜಾಕಿನ ಮೇಲಿದ್ದ ಚಕ್ರದ ಮುಂದೆ ಕೂರಿಸಿ,
ಐದು ನಟ್ಟುಗಳಲ್ಲಿ ಒಂದನ್ನು ಬಿಚ್ಚಿ
ಅವನ ಅಂಗೈಗೆ ಹಾಕಿದಳು.
"ಈಗ ಎಷ್ಟ?"
"ಐದರಾಗ ನಾಕು."
"ಗಾಡಿ ಓಡತೈತೇನು?"
ಹುಡುಗ ಅಪ್ಪನ ಮುಖ ನೋಡಿದ.
ಅಪ್ಪ ಗ್ರೀಸು ಹತ್ತಿದ ನೆಲ ನೋಡಿದ.
"ಓಡತೈತಿ. ಆದರ
ಅವ್ವನ್ನ ಕೂಡ್ರಸಂಗಿಲ್ಲ ನಾ."

ಜೆರಿಲಿನ್ ಏನೂ ಅನ್ನಲಿಲ್ಲ.
ನಟ್ಟು ಇಸಕೊಂಡು ತಿರುಗಿಸಿದಳು,
ಬೇಕಾದ್ದಕ್ಕಿಂತ ಒಂದು ಸುತ್ತು ಜಾಸ್ತಿ.

ಈ ಸಲ ಅನುದಾನ ಏರಿದೆ.
ಮಗುವಿಗೆ ಹನ್ನೊಂದು ಡಾಲರು, ವರ್ಷಕ್ಕೆ.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ
ಅಂತ ಸ್ಟಾಫ್ ರೂಮಿನಲ್ಲಿ ಅನುವಾದಿಸಲು ಹೋದೆ.
ಆನೆ ಇಲ್ಲಿ ಒಂದು ಪಾರ್ಟಿಯ ಗುರುತು,
ಇಬ್ಬರು ಸಿಟ್ಟಾದರು. ಮಜ್ಜಿಗೆಯವರೆಗೆ
ಮಾತು ಹೋಗಲೇ ಇಲ್ಲ.

ನನ್ನ ಭಾಷೆಯಲ್ಲಿ ಈ ದಿನಕ್ಕೆ ಗುರುವಿನ ಹೆಸರು
ಎಂದು ಜೆರಿಲಿನ್‌ಗೆ ಒಮ್ಮೆ ಹೇಳಿದ್ದೆ.
"ಅದಕ್ಕ ಅದನ್ನ ಉಳಿಸ್ಯಾರ," ಅಂದಳು.
ಗುರುವಾರ ಮೂರೂವರೆಗೆ, ಯಾರೂ ನೋಡದಂತೆ,
ಕೆಲವು ಮಕ್ಕಳ ಚೀಲಕ್ಕೆ
ಮೂರು ದಿನದ ಸೇಬು, ಬಿಸ್ಕತ್ತು, ಶೇಂಗಾ ಬೆಣ್ಣೆ ತುರುಕುತ್ತಾಳೆ.
ಡ್ರೈವರು ಹಾರ್ನು ಹೊಡೆಯುತ್ತಾನೆ.
ಎಮೆಟ್ ಇನ್ನೂ ಕೆಳಗೇ,
ಹಿಂದಿನ ಚಕ್ರಕ್ಕೆ ಬಗ್ಗಿ ಬೆರಳಿಟ್ಟು ಎಣಿಸುತ್ತ.
ಕಿಟಕಿಯಲ್ಲಿ ನನ್ನನ್ನು ಕಂಡು
"ಹತ್ತೂ ಅದಾವ!" ಎಂದು ಕೂಗಿ
ಹತ್ತುತ್ತಾನೆ.